ಅಕ್ಕಿಯಲ್ಲಿ ಬರೆದ ಹೆಸರು

ನೇಪಾಳದ ಗಡಿ ಸುನೌಲಿಯಲ್ಲಿ ಅಧಿಕಾರಿ ನನ್ನ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು, "ಈ ಇಬ್ಬರಲ್ಲಿ ನೀವು ಯಾರು?" ಎಂದು ಹಿಂದಿಯಲ್ಲಿ ಕೇಳಿದರು. ಫೋಟೊ ಎರಡರಲ್ಲೂ ನನ್ನದೇ. ಹೆಸರು ಮಾತ್ರ ಬೇರೆ ಬೇರೆ. ಆಧಾರ್‌ನಲ್ಲಿ ತವರಿನದು, ಮತದಾರರ ಕಾರ್ಡಿನಲ್ಲಿ ಗಂಡನ ಮನೆಯದು. ಮತದಾರರ ಕಾರ್ಡೊಂದನ್ನೇ ಕೊಟ್ಟಿದ್ದರೆ ಸಾಕಿತ್ತು. ಇರಲಿ ಎಂದು ಯಜಮಾನರು ಎರಡನ್ನೂ ಕೊಟ್ಟಿದ್ದರು.

ಸೊಲ್ಲಾಪುರದಿಂದ ನಾವು ಮೂವರು ಹೊರಟು ಅಂದಿಗೆ ನಾಲ್ಕು ದಿನ. ಯಜಮಾನರು ಚಾದರದ ಅಂಗಡಿಗೆ ಬೀಗ ಹಾಕಿ ತಾವೇ ಕಾರು ನಡೆಸಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತವರು ಎಂಬತ್ತರ ಅತ್ತೆ. ಪಶುಪತಿನಾಥನನ್ನು ನೋಡಬೇಕು, ಆದರೆ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದದ್ದರಿಂದಲೇ ಈ ರಸ್ತೆ ಪ್ರಯಾಣ. ಅವರ ಸ್ನಾನ, ಔಷಧಿ ಎಲ್ಲ ನನ್ನ ಕೈಯಲ್ಲಿ. ನನ್ನನ್ನು ಬಿಡದಿದ್ದರೆ ಅವರೂ ಇಲ್ಲಿಂದಲೇ ತಿರುಗಬೇಕಿತ್ತು.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರನ್ನೂ ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ನನ್ನದನ್ನು ಆರಿಸಿದವರು ಅತ್ತೆ, ಬರೆದವರು ಯಜಮಾನರು, ಅದೂ ಮರಾಠಿಯಲ್ಲಿ. ತವರೂರು ಹನ್ನೂರಿನ ಕನ್ನಡ ಶಾಲೆಯಲ್ಲಿ ಓದಿದ ನಾನು ಆ ಅಕ್ಷರಗಳನ್ನು ಕೂಡಿಸಿ ಓದುವಷ್ಟರಲ್ಲಿ ಯಾರೋ ತಾಟು ಎತ್ತಿಕೊಂಡು ಹೋದರು.

ಇದನ್ನೆಲ್ಲ ಯಜಮಾನರು ತಮ್ಮ ಸೊಲ್ಲಾಪುರಿ ಹಿಂದಿಯಲ್ಲಿ ಬಿಡಿಸಿ ಹೇಳಲು ಹೋದರು. "ಹಮಾರೇ ಮೇ ಚಾವಲ್ ಮೇ ಬದಲೀ ಕರತೇ, ಸಾಬ್" ಎಂದರು. ನಮ್ಮಲ್ಲಿ ಅಕ್ಕಿಯಲ್ಲಿ ಬದಲಿ ಮಾಡುತ್ತಾರೆ ಎಂದ ಹಾಗಾಯಿತು; ಹೆಸರು ಎನ್ನುವ ಮಾತನ್ನೇ ನುಂಗಿಬಿಟ್ಟಿದ್ದರು. ಅಧಿಕಾರಿ ಹುಬ್ಬು ಗಂಟಿಕ್ಕಿ, ಅಕ್ಕಿ ಎಷ್ಟಿದೆ ಎಂದು ಕೇಳಿದರು. ಡಿಕ್ಕಿ ತೆಗೆಸಿದರು. ಕಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಅತ್ತೆಯ ಮೊಣಕಾಲಿನ ಎಣ್ಣೆ ಎಲ್ಲ ಕೆಳಗಿಳಿದವು. ಸಿಪಾಯಿಯೊಬ್ಬ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಅಕ್ಕಿ ಎಲ್ಲಿ ಎಂದು ಅವರಿಗೆ ತಿಳಿಯದು, ಅಕ್ಕಿ ಯಾಕೆ ಎಂದು ನಮಗೆ ತಿಳಿಯದು.

ಕೊನೆಗೆ ಅಧಿಕಾರಿ ಕಾರಿನ ಕಿಟಕಿಯಲ್ಲಿ ಬಗ್ಗಿ, ನನ್ನನ್ನು ತೋರಿಸಿ, ಇವರ ಹೆಸರೇನು ಎಂದು ಅತ್ತೆಯನ್ನೇ ಕೇಳಿದರು.

"ಹನ್ನೂರಾಕಿ," ಎಂದರು ಅತ್ತೆ.

ಅಧಿಕಾರಿ ಮತ್ತೆ ಎರಡೂ ಕಾರ್ಡುಗಳನ್ನು ತಿರುವಿದರು. ಈ ಮೂರನೆಯವಳು ಎರಡರಲ್ಲೂ ಇರಲಿಲ್ಲ.

ಅತ್ತೆ ಸುಳ್ಳೇನೂ ಹೇಳಿರಲಿಲ್ಲ. ಸೊಸೆಯನ್ನು ತವರೂರಿನ ಮೇಲೆ ಕರೆಯುವುದು ಮನೆಯ ರೂಢಿ. ಯಜಮಾನರಿಗಂತೂ ಮೂವತ್ತು ವರ್ಷದಿಂದ ನನ್ನ ಹೆಸರು "ಕೇಳಿದೇನು". ನನಗೆ ಸಿಟ್ಟು ನೆತ್ತಿಗೇರಿತು. ಕರೆಯುವುದೇ ಇಲ್ಲವೆಂದಮೇಲೆ ಇದ್ದ ಹೆಸರನ್ನಾದರೂ ಯಾಕೆ ತೆಗೆಯಬೇಕಿತ್ತು?

"ಇಟ್ಟಾವ್ರು ನೀವ, ಈಗ ಹೇಳ್ರಿ," ಎಂದೆ ಅತ್ತೆಗೆ.

"ನೀ ಸುಮ್ಮಿರು. ನಾ ಮಾತಾಡಾಕತ್ತೀನಲ್ಲ," ಎಂದರು ಯಜಮಾನರು. ಅವರ ಮಾತಿನಿಂದಲೇ ಡಿಕ್ಕಿ ಖಾಲಿಯಾಗಿತ್ತು.

ಅಧಿಕಾರಿ ನನಗೊಂದು ಬಿಳಿ ಹಾಳೆ ಕೊಟ್ಟರು. ಎರಡೂ ಹೆಸರು ನನ್ನವೇ ಎಂದು ಹಿಂದಿಯಲ್ಲಿ ಬರೆದು ಸಹಿ ಮಾಡಬೇಕು. ತವರಿನ ಹೆಸರು ಸರಾಗವಾಗಿ ಬಂತು. ಎರಡನೆಯದಕ್ಕೆ ಪೆನ್ನು ನಿಂತಿತು. ಮೊದಲ ಅಕ್ಷರ ಹ್ರಸ್ವವೋ ದೀರ್ಘವೋ? ಸೊಲ್ಲಾಪುರದಲ್ಲಿ ಇಷ್ಟು ವರ್ಷ ನನ್ನ ಅರ್ಜಿಗಳನ್ನೆಲ್ಲ ಯಜಮಾನರೇ ತುಂಬಿದ್ದರು. ಬೇರೆ ದಾರಿ ಕಾಣದೆ ಕಾರ್ಡನ್ನು ಹತ್ತಿರ ಎಳೆದುಕೊಂಡು ನೋಡಿ ನೋಡಿ ಬರೆದೆ.

"ನಿಮ್ಮ ಹೆಸರನ್ನು ನೀವೇ ನಕಲು ಮಾಡುತ್ತೀರಾ?" ಎಂದರು ಅಧಿಕಾರಿ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ಕ್ಷಣ ನನಗೂ ನನ್ನ ಮೇಲೆ ಅನುಮಾನ ಬಂದಿತ್ತು. ಮೋಸ ಮಾಡಲು ಬಂದವಳಾದರೆ ಹೆಸರನ್ನಾದರೂ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದಳು ಎಂದುಕೊಂಡರೋ ಏನೋ, ಅವರು ಹಾಳೆ ಇಟ್ಟುಕೊಂಡು, "ಹೋಗಿ" ಎಂದು ಕೈ ಮಾಡಿದರು.

ಕಾರು ನೇಪಾಳದೊಳಕ್ಕೆ ಹೊಕ್ಕಿತು. ಅತ್ತೆಗೆ ಎರಡು ಮಾತು ಅಂದೇ ತೀರಬೇಕೆಂದು ನಾನು ಹಿಂದಕ್ಕೆ ತಿರುಗಿದೆ. ಅವರೇ ಮೊದಲು ಮಾತಾಡಿದರು.

"ನೀ ಹೆಂಗೋ ಬರದಿ. ಆ ಹಾಳಿ ನನ್ನ ಕೈಯಾಗ ಕೊಟ್ಟಿದ್ರ ನಾ ಏನ್ ಬರೀಬೇಕಿತ್ತು? ಮಂದ್ರೂಪದಾಗ ನನಗ ಏನಂತ ಕರೀತಿದ್ರು, ನೆನಪ ಇಲ್ಲ."

ಮಂದ್ರೂಪ ಅವರ ತವರು. ಹದಿಮೂರಕ್ಕೆ ಮದುವೆಯಾಗಿ ಬಂದವರು. ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಯಾರೂ ಈಗ ಉಳಿದಿಲ್ಲ. ಯಜಮಾನರನ್ನು ಕೇಳಿದೆ. ತಾಯಿಗೆ ಇನ್ನೊಂದು ಹೆಸರಿತ್ತು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ತಿಳಿಯದಾಯಿತು.

"ನಾ ಒಂದೊಂದ ಹೆಸರ ಹೇಳತೀನಿ. ನಿಮ್ಮದು ಬಂದ್ರ ಹೂಂ ಅನ್ರಿ, ಅತ್ತಿ," ಎಂದೆ.

ಬುಟವಲ್ ಪೇಟೆ ಬರುವತನಕ ನನಗೆ ಗೊತ್ತಿದ್ದ ಹಳೆಯ ಹೆಂಗಸರ ಹೆಸರುಗಳನ್ನೆಲ್ಲ ಹೇಳಿದೆ. ಪ್ರತಿಯೊಂದಕ್ಕೂ ಅತ್ತೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಲ್ಲ," ಎನ್ನುತ್ತಿದ್ದರು.