ಟಕ್ ಎಂದರೆ ಮಾತ್ರ ನೆಮ್ಮದಿ

ಬೆಳಗಿನ ಆರು ಗಂಟೆ. ಹಲ್ಲಿನ ಅಚ್ಚು ತಯಾರಿಸುವ ಲ್ಯಾಬಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಕುಳಿತ ಹೆಂಗಸು ಯಾರದೋ ಮೇಲ್ದವಡೆಯ ಅಚ್ಚನ್ನು ಒಂದು ಕೈಯಲ್ಲಿ, ಕೆಳದವಡೆಯದನ್ನು ಇನ್ನೊಂದರಲ್ಲಿ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ತಟ್ಟುತ್ತಾರೆ. ಟಕ್. ಪಕ್ಕಕ್ಕಿಟ್ಟು ಇನ್ನೊಂದು ಜೋಡಿ ಎತ್ತಿಕೊಳ್ಳುತ್ತಾರೆ. ಟಕ್. ಇವರ ಕೆಲಸ ನೋಡಲೆಂದು ಬಂದಿದ್ದರೂ ಹಲ್ಲಿನ ಡಾಕ್ಟರ ಕುರ್ಚಿ ಕಂಡರೇ ಹೆದರುವ ನನಗೆ, ನಲವತ್ತು ಬಾಯಿಗಳು ಮೇಜಿನ ಮೇಲೆ ಸಾಲಾಗಿ ಕೂತಿರುವುದನ್ನು ನೋಡಿ ಬಾಗಿಲಿನಿಂದಲೇ ವಾಪಸು ಹೋಗೋಣ ಎನ್ನಿಸುತ್ತದೆ.

ಏಳನೆಯ ಜೋಡಿ ಟಕ್ ಎನ್ನುವುದಿಲ್ಲ. ಮಂದವಾಗಿ ಏನೋ ಸದ್ದು ಮಾಡುತ್ತದೆ. ಅವರು ಮತ್ತೆ ತಟ್ಟುತ್ತಾರೆ, ಮತ್ತೆ ಅದೇ ಸದ್ದು. ಅವರ ಮುಖ ಸಪ್ಪಗಾಗುತ್ತದೆ.

"ಇವತ್ತೇ ಬರಬೇಕಿತ್ತಾ ಇದು? ನೀವು ಬೇರೆ ನೋಡೋಕೆ ಬಂದಿದ್ದೀರಿ."

ಲ್ಯಾಬಿನವರೆಲ್ಲ ಇವರನ್ನು ಹಲ್ಲಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮೊದಲು ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿಸಿ, ಗರಗಸದಿಂದ ಒಂದೊಂದೇ ಹಲ್ಲು ಕೊಯ್ದು, ಮೇಣದಲ್ಲಿ ಹೊಸ ಸಾಲು ಜೋಡಿಸಿ ಚಿಕಿತ್ಸೆ ಹೇಗೆ ಸಾಗಬೇಕೆಂದು ತೋರಿಸುತ್ತಿದ್ದರು. ಒಂದು ಬಾಯಿಗೆ ಅರ್ಧ ದಿನ ಹಿಡಿಯುತ್ತಿತ್ತು. ಈಗ ಕ್ಲಿನಿಕ್ಕಿನಲ್ಲಿ ಪೆನ್ನಿನಂಥ ಸ್ಕ್ಯಾನರನ್ನು ಬಾಯೊಳಗೆ ಆಡಿಸಿದರೆ ಸಾಕು, ಸಾಫ್ಟ್‌ವೇರೇ ಹಲ್ಲುಗಳನ್ನು ಬಿಡಿಸಿ ಯಾವುದು ಎಷ್ಟು ಸರಿಯಬೇಕೆಂದು ಲೆಕ್ಕ ಹಾಕುತ್ತದೆ. ತಂತಿಯ ಬದಲು ತೊಡುವ ಪಾರದರ್ಶಕ ಅಲೈನರ್‌ಗಳು ಆ ಲೆಕ್ಕದಂತೆ ತಯಾರಾಗುತ್ತವೆ. ದಿನಕ್ಕೆ ನಲವತ್ತು ಬಾಯಿ. ಹಲ್ಲಕ್ಕನ ಪಾಲಿಗೆ ಉಳಿದಿರುವುದು ಯಂತ್ರದ ಯೋಜನೆ ನೋಡಿ ಒಪ್ಪುವುದು, ಇಲ್ಲವೆ ಪರದೆಯ ಮೂಲೆಯ ಕೆಂಪು ಬಟನ್ ಒತ್ತಿ ತಡೆಯುವುದು.

"ಮಷೀನ್ ಜಾಣ ಬಿಡಿ, ನನಗಿಂತ ಜಾಣ" ಎನ್ನುತ್ತಾರೆ. "ಆದ್ರೆ ಅದಕ್ಕೆ ಭಯ ಅನ್ನೋದಿಲ್ಲ. ನನಗೆ ಅದು ಬಿಟ್ಟರೆ ಬೇರೇನಿಲ್ಲ."

ಈ ಭಯ ಹುಟ್ಟಿದ್ದು ಮೂರು ವರ್ಷದ ಹಿಂದೆ. ಒಬ್ಬ ಶಾಲಾ ಶಿಕ್ಷಕಿ ಸ್ಕ್ಯಾನ್ ಮಾಡುವಾಗ ಗಾಬರಿಯಲ್ಲಿ ಕೆಳದವಡೆಯನ್ನು ತುಸು ಮುಂದಕ್ಕೆ ತಂದು ಕಚ್ಚಿದ್ದರು. ಯಂತ್ರ ಅದನ್ನೇ ಅವರ ನಿಜವಾದ ಕಚ್ಚು ಎಂದುಕೊಂಡಿತು. ಎಲ್ಲ ಸರಿಯಿದೆ ಎಂದು ಪರದೆ ಹಸಿರು ತೋರಿಸಿತು, ಹಲ್ಲಕ್ಕ ಒಪ್ಪಿದರು. ಹಳೆಯ ತಂತಿಯ ಕಾಲದಲ್ಲಾದರೆ ಡಾಕ್ಟರು ತಿಂಗಳು ತಿಂಗಳೂ ನೋಡಿ ಬಿಗಿಯುತ್ತಿದ್ದರು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಲ್ಲಿ ಒಂದಾದ ಮೇಲೊಂದು ತೊಡಬೇಕಾದ ಇಪ್ಪತ್ತಾರು ಅಲೈನರ್‌ಗಳೂ ಒಂದೇ ಸಲಕ್ಕೆ ತಯಾರಾಗಿದ್ದವು. ಹದಿನಾಲ್ಕನೆಯದು ಮುಗಿಯುವಷ್ಟರಲ್ಲಿ ಶಿಕ್ಷಕಿಯ ದವಡೆಹಲ್ಲುಗಳು ಒಂದಕ್ಕೊಂದು ತಾಗುವುದನ್ನೇ ಬಿಟ್ಟಿದ್ದವು.

"ಆ ಟೀಚರು ಒಂದು ಮಾತೂ ಬೈಲಿಲ್ಲ. ‘ಅಗಿಯೋಕಾಗಲ್ಲಮ್ಮ, ನುಂಗ್ತೀನಿ ಅಷ್ಟೇ’ ಅಂದ್ರು. ಬೈದಿದ್ದರೆ ಎಷ್ಟೋ ವಾಸಿ ಇತ್ತು."

ಅಂದಿನಿಂದ ಅವರು ಪ್ರತಿ ಸ್ಕ್ಯಾನನ್ನೂ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದು, ಅದಕ್ಕೆ ಮೆತ್ತಿದ ಅಂಟನ್ನು ತಾವೇ ತೊಳೆದು, ಕೈಯಲ್ಲಿ ತಟ್ಟಿ ನೋಡುತ್ತಾರೆ. ಸರಿಯಾದ ಜೋಡಿ ತನ್ನಷ್ಟಕ್ಕೇ ಒಂದು ಜಾಗದಲ್ಲಿ ಕೂರುತ್ತದೆ, ಟಕ್ ಎನ್ನುತ್ತದೆ. ಮನೆಯಲ್ಲೂ ಇದೇ ಕಣ್ಣು. "ಸೊಸೆ ಎದುರಿಗೆ ಆಕಳಿಸೋಕೂ ಹೆದರಿಕೆ ನನಗೆ" ಎಂದು ಅವರ ಅತ್ತೆ ಹೇಳುತ್ತಾರಂತೆ.

ಈ ತಿಂಗಳು ಅವರು ಎರಡು ಸಲ ಕೆಂಪು ಬಟನ್ ಒತ್ತಿದ್ದಾರೆ. ಎರಡೂ ಸಲ ಏನೂ ತಪ್ಪಿರಲಿಲ್ಲ. ಮೂರನೆಯದೂ ಸುಳ್ಳಾದರೆ ಆ ಬಟನ್ನನ್ನೇ ತೆಗೆಸುತ್ತೇನೆ ಎಂದು ಲ್ಯಾಬಿನ ಯಜಮಾನರು ಹೇಳಿಬಿಟ್ಟಿದ್ದಾರೆ. ಈಗ ಏಳನೆಯ ಜೋಡಿ ಅವರ ಕೈಯಲ್ಲಿದೆ, ಪರದೆ ಹಸಿರು ತೋರಿಸುತ್ತಿದೆ. ಹದಿನಾರರ ಹುಡುಗಿ, ಮೂವತ್ತು ಅಲೈನರ್ ಎಂದು ಬರೆದಿದೆ. ಹಲ್ಲಕ್ಕನ ಬೆರಳು ಕೆಂಪು ಬಟನ್ನಿನ ಹತ್ತಿರ ಬಂದು ನಿಲ್ಲುತ್ತದೆ. ಒತ್ತಬೇಡಿ ಎನ್ನಬೇಕೆನ್ನಿಸುತ್ತದೆ, ಒತ್ತಿಬಿಡಿ ಎಂದೂ ಅನ್ನಿಸುತ್ತದೆ.

ಅವರು ಒತ್ತುತ್ತಾರೆ. ಒತ್ತಿದ ಮೇಲೆ ನೀರು ಕುಡಿಯಲು ಎದ್ದವರು ಲೋಟ ಹಿಡಿದು ಕುಡಿಯದೆ ನಿಲ್ಲುತ್ತಾರೆ.

ಒಂಬತ್ತಕ್ಕೆ ಡಾಕ್ಟರು ಫೋನಿನಲ್ಲಿ ಸಿಡುಕುತ್ತಾರೆ: "ಏನಮ್ಮಾ ಮತ್ತೆ? ಪರೀಕ್ಷೆ ಇರೋ ಹುಡುಗೀನ ಎಷ್ಟು ಸಲ ಕರೆಸಲಿ?" ಆದರೂ ಕರೆಸುತ್ತಾರೆ. ಹತ್ತೂವರೆಗೆ ಹೊಸ ಸ್ಕ್ಯಾನ್ ಬರುತ್ತದೆ. ಹಳೆಯದಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹುಡುಗಿ ಮೊದಲೇ ಸರಿಯಾಗಿ ಕಚ್ಚಿದ್ದಳು.

ಹಲ್ಲಕ್ಕ ಬೆಳಗಿನ ಅಚ್ಚನ್ನು ಭೂತಗನ್ನಡಿಯ ಕೆಳಗೆ ಹಿಡಿಯುತ್ತಾರೆ. ದವಡೆಹಲ್ಲಿನ ಸಂದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಅಂಟಿನ ಹನಿ ಒಣಗಿ ಕೂತಿದೆ. ತೊಳೆದವರು ಅವರೇ. ಚಿವುಟಿ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅಚ್ಚನ್ನು ಹಾಗೆಯೇ ಯಜಮಾನರ ಮೇಜಿನ ಮೇಲಿಡುತ್ತಾರೆ.

"ಮಷೀನಿನ ತಪ್ಪಿಲ್ಲ ಯಜಮಾನ್ರೇ. ನಾನೇ ಸರಿಯಾಗಿ ತೊಳೆದಿರಲಿಲ್ಲ."

ಯಜಮಾನರು ಕೆಟ್ಟವರಲ್ಲ. ಅಚ್ಚನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಡುತ್ತಾರೆ. "ನಿಮ್ಮ ಭಯಕ್ಕೆ ಎಲ್ಲರನ್ನೂ ಕುಣಿಸೋಕಾಗಲ್ಲ ಹಲ್ಲಕ್ಕ" ಎನ್ನುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಯ ಮೂಲೆ ಖಾಲಿಯಾಗಿದೆ.

ನನಗೆ ಸಂಕಟವಾಗುತ್ತದೆ. ಬೇಜಾರಾಯಿತೇ ಎಂದು ಕೇಳುತ್ತೇನೆ.

"ಹುಡುಗಿ ಬಾಯಿ ಸರಿಯಾಗಿದೆಯಲ್ಲ, ಅದಕ್ಕೆ ಯಾಕೆ ಬೇಜಾರು? ಆ ಟೀಚರ್ ವಿಷಯದಲ್ಲೂ ಹೀಗೇ ಹೆದರಿ ಬಟನ್ ಒತ್ತಿದ್ದರೆ ಸಾಕಿತ್ತು. ಆವಾಗ ನನಗೆ ಭಯವೇ ಇರಲಿಲ್ಲ ನೋಡಿ."

ಹಾಗೆನ್ನುತ್ತಾ ಬೆಳಗ್ಗೆ ಅರ್ಧಕ್ಕೆ ಬಿಟ್ಟ ಸಾಲಿನಿಂದ ಎಂಟನೆಯ ಜೋಡಿ ಎತ್ತಿಕೊಂಡು, ಈ ಸಲ ಮೊದಲು ಭೂತಗನ್ನಡಿಯ ಕೆಳಗೆ ಹಿಡಿದು ಸಂದಿಸಂದಿ ನೋಡುತ್ತಾರೆ. ಬಟನ್ನೇ ಇಲ್ಲದ ಮೇಲೆ, ಸದ್ದು ಸರಿಯಿಲ್ಲದಿದ್ದರೆ ಏನು ಮಾಡುತ್ತೀರಿ ಎನ್ನುತ್ತೇನೆ. ಅವರು ಆಗಲೇ ಕಣ್ಣು ಮುಚ್ಚಿದ್ದಾರೆ.

"ಫೋನ್ ಇದೆಯಲ್ಲ. ಅಷ್ಟೂ ಡಾಕ್ಟರ ನಂಬರು ನನಗೆ ಬಾಯಿಪಾಠ."