ಲೆಕ್ಕದಲ್ಲಿ ಬಿಟ್ಟುಹೋದ ಅರ್ಧ ದಿನ

ನಾಚಾರಂನಲ್ಲಿ ಕೂಲಿಗಳಿಗಾಗಿ ನಡೆಯುತ್ತಿದ್ದ ಬಿ.ಪಿ. ತಪಾಸಣೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಹೇಳುವ ವರದಿ ನನ್ನ ಪಾಲಿಗೆ ಬಂದಿತ್ತು. ಹಿಮಾಯತ್‌ನಗರದ ನಮ್ಮ ಸಣ್ಣ ಕಚೇರಿಯಲ್ಲಿ ನನ್ನ ಕೆಲಸವೇ ಅದು: ಇವತ್ತು ತಪಾಸಣೆಗೆ ದುಡ್ಡು ಹಾಕಿದರೆ ಮುಂದೆ ಎಷ್ಟು ಜನಕ್ಕೆ ಲಕ್ವ ಹೊಡೆಯುವುದು ತಪ್ಪುತ್ತದೆ ಎಂದು ಗಣಿತದ ಮಾದರಿ ಕಟ್ಟಿ ನೋಡುವುದು. ಕಂಪ್ಯೂಟರಿನೊಳಗೆ ಸಾವಿರಾರು ಜನರನ್ನು ಹುಟ್ಟಿಸಿ ಮುದುಕರಾಗುವ ತನಕ ಬದುಕಿಸುತ್ತೇನೆ. ಒಮ್ಮೆ ತಪಾಸಣೆ ಇಟ್ಟು, ಒಮ್ಮೆ ಇಲ್ಲದೆ. ಎಷ್ಟು ಸಲ ಮಾಡಿದರೂ ಮೈ ಜುಮ್ಮೆನ್ನುತ್ತದೆ.

ಆ ಸಲ ಮಾದರಿ, ಮುಚ್ಚಿಬಿಡಿ ಎಂದಿತು. ಬರುವವರು ಬೆರಳೆಣಿಕೆಯಷ್ಟು, ನರ್ಸಿಗೆ ಮಾತ್ರ ಪೂರ್ತಿ ಸಂಬಳ. ಪುಕ್ಕಟೆ ಕೊಟ್ಟರೂ ಬರದ ಜನರ ಮೇಲೆ ನನಗೆ ಸಿಟ್ಟು. ಸಹಿ ಹಾಕುವ ಮೊದಲು ಅವರಿಗೆ ನಾಲ್ಕು ಮಾತು ಅಂದಾದರೂ ಬರೋಣ ಎಂದು ನಾಚಾರಂಗೆ ಹೊರಟೆ.

ಅಲ್ಲಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಬುಟ್ಟಿ ಹೊರುತ್ತಿದ್ದ, ಯಾದಗಿರಿ ಕಡೆಯ, ನನ್ನದೇ ವಯಸ್ಸಿನ ಹೆಂಗಸು ಸಿಕ್ಕಳು.

"ಪುಕ್ಕಟ ನೋಡ್ತಾರ, ಯಾಕ ಹೋಗಂಗಿಲ್ರಿ?" ಎಂದೆ.

"ಪುಕ್ಕಟ ಎಲ್ಲೈತ್ರಿ ಅಕ್ಕಾರ? ಹತ್ತಕ್ಕ ಬಾಗಲಾ ತೆಗಿತಾರ. ಅಲ್ಲಿ ಕುಂತ್ರ ಅರ್ಧ ದಿನದ ಕೂಲಿ ಹೋತು. ಅದನ್ನ ಬರ್ಕೊಂಡೀರೇನು?"

ಬರೆದುಕೊಂಡಿರಲಿಲ್ಲ. ತಪಾಸಣೆಗೆ ಬರುವವರ ಖರ್ಚು ಎಂಬ ಕಾಲಂನಲ್ಲಿ ನಾನೇ ಕೈಯಾರೆ ಸೊನ್ನೆ ಹಾಕಿದ್ದೆ. ನಾಚಿಕೆಯಾಯಿತು. ಹಾಗಾದರೆ ಯಾವಾಗ ಬರುತ್ತೀರಿ ಎಂದು ಮೆತ್ತಗೆ ಕೇಳಿದೆ.

"ಮುಂಜಾನೆ ಅಡ್ಡಾದಾಗ ನಿಂತಿರ್ತೀವಲ್ರಿ, ಮೇಸ್ತ್ರಿ ಬಂದು ಕೆಲಸಕ್ಕ ಕರಿಯೋತನ. ಅಲ್ಲೇ ನೋಡ್ರಿ."

ಕಚೇರಿಗೆ ಬಂದು ಸೊನ್ನೆ ಅಳಿಸಿ ಕೂಲಿ ಬರೆದೆ. ನಂತರ ಮಾದರಿಯೊಳಗಿನ ತಪಾಸಣೆಯನ್ನು ಬೆಳಗಿನ ಅಡ್ಡಾಕ್ಕೆ ಸಾಗಿಸಿದೆ. ಅಲ್ಲಿ ಕೂಲಿ ಕಳೆಯುವ ಮಾತೇ ಇಲ್ಲ. ಕಂಪ್ಯೂಟರಿನೊಳಗಿನ ಜನ ಬರತೊಡಗಿದರು. ಒಬ್ಬರನ್ನು ಲಕ್ವದಿಂದ ಉಳಿಸುವ ಖರ್ಚು ಸರ್ರನೆ ಇಳಿಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಾನು ತಿಂಗಳುಗಟ್ಟಲೆ ಕಟ್ಟಿದ್ದ ಮಾದರಿಯನ್ನು ಆಕೆ ತಲೆ ಮೇಲಿನ ಬುಟ್ಟಿಯನ್ನೂ ಇಳಿಸದೆ ತಿದ್ದಿದ್ದಳು.

ಮುಚ್ಚಬೇಡಿ, ಅಡ್ಡಾದಲ್ಲಿ ನಡೆಸಿ ನೋಡಿ ಎಂದು ಬರೆದೆ. ಮೇಲಿನವರು ಒಪ್ಪಿದರು. ಮೊದಲ ಬೆಳಿಗ್ಗೆ ಸಾಲಿನಲ್ಲಿ ಆಕೆಯೇ ಮುಂದೆ. ನರ್ಸ್ ಒಮ್ಮೆ ನೋಡಿ, ನಂಬದೆ ಇನ್ನೊಮ್ಮೆ ನೋಡಿದಳು. ಬಿ.ಪಿ. ಭಯ ಹುಟ್ಟಿಸುವಷ್ಟಿತ್ತು. ಆಕೆಗೆ ತಲೆನೋವು ಕೂಡ ಇರಲಿಲ್ಲ. ಅಂದಿನಿಂದ ಗುಳಿಗೆ ಶುರುವಾಯಿತು.

ವರ್ಷ ಕಳೆದ ಮೇಲೆ ಮತ್ತೆ ಹೋದಾಗ, ಹೇಗಿದ್ದೀರಿ ಎಂದು ಕೇಳಿದೆ.

"ನನಗೇನಾಗೇತ್ರಿ? ಏನೂ ಆಗಿಲ್ಲ. ಸುಮ್ಮನ ದಿನಾ ಗುಳಿಗಿ ನುಂಗಾಕತ್ತೀನಿ" ಎಂದು ಗೊಣಗಿದಳು.

ಗುಳಿಗೆಯಿಂದ ಲಕ್ವ ತಪ್ಪಿ ಏನೂ ಆಗದವರು ನನ್ನ ಹಾಳೆಯಲ್ಲಿ ಬರೀ ಒಂದು ಅಂಕಿ. ಅವರಿಗೆ ಮುಖವಿಲ್ಲ. ಆ ಅಂಕಿಯೊಳಗೆ ಈಕೆಯೂ ಇದ್ದಾಳೋ, ಗುಳಿಗೆ ಇಲ್ಲದೆಯೂ ಚೆನ್ನಾಗಿಯೇ ಇರುತ್ತಿದ್ದಳೋ, ಯಾವ ಗಣಿತವೂ ಹೇಳಲಾರದು. ಅದು ಗೊತ್ತಿದ್ದೂ ಬೆರಗಿನಿಂದ ನೋಡುತ್ತಾ ನಿಂತೆ. ಆಕೆ ಇಟ್ಟಿಗೆಯ ಬುಟ್ಟಿಯನ್ನು ತಲೆಗೇರಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಸರಸರನೆ ನಡೆದುಹೋದಳು.