ಪೆಟ್ಟಿಗೆ ತುಂಬ ರಿಪೇರಿ ಮಾಡಿದ ಕೊಡಲಿಗಳು

ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡ ಮೇಲೆ ನಾನು ಹೂಡಿಯ ಬಾಡಿಗೆ ಮನೆಯಲ್ಲಿ ಕೂತೇಬಿಟ್ಟೆ. ಒಂದು ಕಡೆ ಕೂತು ಅಭ್ಯಾಸವಿಲ್ಲದವಳು ನಾನು. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುವ ಯಂತ್ರ ದಿನವಿಡೀ ಗುದ್ದುತ್ತಿತ್ತು. ಅದು ಗುದ್ದಿದರೂ ಚಡಪಡಿಕೆ, ನಿಂತರೂ ಚಡಪಡಿಕೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ಹುಬ್ಬಳ್ಳಿಯವಳು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ. ನನ್ನ ಗೋಳು ನೋಡಲಾರದೆ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಹಾಕಿಕೊಟ್ಟಳು. ಅದರಲ್ಲಿ ನಾವು ಒಂದು ಕಲ್ಲು ಹಿಡಿದು ದ್ವೀಪಕ್ಕೆ ಬಂದು ಬೀಳುತ್ತೇವೆ. ಮರ ಕಡಿದು, ಗುಡಿಸಲು ಕಟ್ಟಿ, ಹೇಗೋ ಬದುಕಿಕೊಳ್ಳಬೇಕು. ಅದೇ ದ್ವೀಪದಲ್ಲಿ ಬೇರೆ ಊರುಗಳವರೂ ಆಡುತ್ತಿರುತ್ತಾರೆ. ಕೈಗೆ ಸಿಕ್ಕರೆ ಕೊಂದು ದೋಚುತ್ತಾರೆ.

ಅಲ್ಲಿ ಆಯುಧಗಳು ಸವೆಯುತ್ತವೆ. ಪ್ರತಿ ಏಟಿಗೂ ಕೊಡಲಿಯ ಪಕ್ಕದ ಹಸಿರು ಗೆರೆ ಚೂರು ಕುಗ್ಗುತ್ತದೆ. ರಿಪೇರಿ ಬೆಂಚಿನ ಮೇಲಿಟ್ಟು ಮರ, ಕಬ್ಬಿಣ ಕೊಟ್ಟರೆ ಸರಿಹೋಗುತ್ತದೆ, ಆದರೆ ಪೂರ್ತಿ ಮೊದಲಿನಂತಲ್ಲ. ಪ್ರತಿ ರಿಪೇರಿಗೂ ಗೆರೆಯ ತುದಿಯಲ್ಲಿ ಒಂದಿಷ್ಟು ಕೆಂಪು ಖಾಯಮ್ಮಾಗಿ ಉಳಿದುಬಿಡುತ್ತದೆ.

ನನಗೆ ಅದೇ ಗೀಳಾಯಿತು. ಗೆಳತಿ ಆಫೀಸಿಗೆ ಹೋದ ಕೂಡಲೇ ಗುಡಿಸಲಿನ ಸುತ್ತ ಎರಡು ಮರ ಕಡಿಯುವುದು, ಓಡಿ ಬಂದು ಕೊಡಲಿಯನ್ನು ಬೆಂಚಿನ ಮೇಲಿಡುವುದು. ಬಿಲ್ಲಿನಿಂದ ಒಂದೇ ಬಾಣ ಬಿಟ್ಟರೂ ಅದನ್ನೂ ತಂದು ರಿಪೇರಿ ಮಾಡುವುದು.

ಅವಳು ಸಂಜೆ ಬಂದು ಆಟಕ್ಕಿಳಿದು, ಗುಡಿಸಲಿನಲ್ಲಿ ನಮ್ಮ ಆಯುಧಗಳನ್ನಿಟ್ಟಿದ್ದ ಪೆಟ್ಟಿಗೆ ತೆಗೆದವಳೇ ಹಣೆ ಚಚ್ಚಿಕೊಂಡಳು. "ಲೇ, ಎಲ್ಲಾ ಅರ್ಧ ಕೆಂಪ ಆಗ್ಯಾವಲ್ಲ! ಪೂರಾ ಸವದ ಮ್ಯಾಲ ಒಮ್ಮೆ ಮಾಡ್ಬೇಕು. ಘಳಿಗಿಗೊಮ್ಮೆ ಮಾಡಿದ್ರ ರಿಪೇರಿಯಿಂದನ ಸಾಯ್ತಾವು ಇವು."

"ಅರ್ಧಕ್ಕಿಳಿದ್ರೆ ನಂಗೆ ನೋಡೋಕಾಗಲ್ಲ ಕಣೇ."

"ನೋಡಬ್ಯಾಡ. ಹೊರಗ ಬಾ. ಹೊಳಿ ದಾಟಿ ಎಂದರ ಬಂದೀಯೇನು?"

ಬಂದಿರಲಿಲ್ಲ. ಹೊಳೆಯ ಆಚೆ ಜನ ಇದ್ದರು.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಒಂದೊಂದು ಲ್ಯಾಪ್‌ಟಾಪ್ ಹಿಡಿದು ಮಂಚದ ಮೇಲೆ ಕೂತು ಆಡುತ್ತಿದ್ದೆವು. ಆಟದಲ್ಲಿ ಅವಳು ಅದಿರು ತರಲು ಹೊಳೆ ದಾಟಿದ್ದಳು. ನಾನು ಬೆಂಚಿನ ಮುಂದಿದ್ದೆ. ಇದ್ದಕ್ಕಿದ್ದಂತೆ ಅವಳು ಕಿರುಚಿದಳು: "ಇಬ್ರು ಬೆನ್ನ ಹತ್ಯಾರ! ನನ್ನ ಕೊಡ್ಲಿ ಮುರೀತು! ಬಾ!"

"ಯಾವ್ದು ತರ್ಲಿ?"

"ಯಾವ್ದರ ತಗೊಂಡ್ ಬಾ!"

ಬಿಲ್ಲು, ಒಂದು ಕೊಡಲಿ ಹಿಡಿದು ಓಡಿದೆ. ಹೊಳೆ ಮೊಣಕಾಲುದ್ದವೂ ಇರಲಿಲ್ಲ. ಆಚೆ ದಡದಲ್ಲಿ ಅವಳನ್ನು ಬಂಡೆಗೆ ಒತ್ತರಿಸಿಕೊಂಡು ಹೊಡೆಯುತ್ತಿದ್ದರು. ನನ್ನ ಬಾಣಕ್ಕೆ ಒಬ್ಬ ಉರುಳಿದ. ಮುಂದಿನ ಬಾಣಕ್ಕೇ ಬಿಲ್ಲು ಮುರಿಯಿತು. ಕೊಡಲಿ ತೆಗೆದೆ, ಅಷ್ಟು ಆರೈಕೆ ಕಂಡಿದ್ದ ಕೊಡಲಿ ಕೆಲವೇ ಏಟಿಗೆ ಕೈಕೊಟ್ಟಿತು. ಅಷ್ಟರಲ್ಲಿ ಆಟದಲ್ಲಿ ಅವಳು ಸತ್ತಿದ್ದಳು. ನನ್ನ ಬಳಿ ಉಳಿದದ್ದು ಆ ಮೊದಲ ದಿನದ ಕಲ್ಲು. ಅದರಲ್ಲೇ ಜಜ್ಜಿದೆ. ಅವಳು ಪಕ್ಕದಿಂದ "ಹೊಡಿ, ಹೊಡಿಲೇ!" ಎಂದು ನನ್ನ ಭುಜ ಗುದ್ದುತ್ತಿದ್ದಳು. ಲೋಟದ ಚಹಾ ಹಾಸಿಗೆಗೆಲ್ಲ ಚೆಲ್ಲಿತು. ಕೊನೆಗೆ ಆ ಎರಡನೆಯವನೂ ಬಿದ್ದ.

ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲೇರಿ ಬಂದು ಬಾಗಿಲು ತಟ್ಟಿದರು. "ಏನ್ರಮ್ಮಾ, ಯಾರನ್ನ ಹೊಡೀತಿದ್ದೀರಾ?"

ಗೆಳತಿ ಒದ್ದೆ ಹಾಸಿಗೆ ತೋರಿಸಿ, "ಕಳ್ರು ಬಂದಿದ್ರು ಆಂಟಿ, ಕಂಪ್ಯೂಟರ್ ಒಳಗ" ಎಂದಳು. ಆಂಟಿ ನನ್ನ ಪ್ಲಾಸ್ಟರ್ ನೋಡಿದರು, ಅವಳ ಮುಖ ನೋಡಿದರು, ಮೆಟ್ಟಿಲಿಳಿದು ಹೋದರು.

ಸತ್ತವರ ಬಳಿ ಒಂದೇ ಕೊಡಲಿ ಸಿಕ್ಕಿತು. ಹಸಿರು ಗೆರೆ ತಳ ಮುಟ್ಟಿತ್ತು, ಕೆಂಪು ಮಾತ್ರ ಒಂದು ಚೂರೂ ಇರಲಿಲ್ಲ. ಒಮ್ಮೆಯೂ ರಿಪೇರಿ ಕಾಣದ್ದು. ಅದನ್ನು ಎತ್ತಿಕೊಂಡು ರಿಪೇರಿ ಬೆಂಚಿನ ಕಡೆ ಹೊರಟೇಬಿಟ್ಟೆ. ಗೆಳತಿ ಅದನ್ನು ಗಮನಿಸಿ, "ತಡಿ, ಮೊದ್ಲ ಹಾಸ್ಗಿ ತಗಿಯೂಣು" ಎಂದಳು. ಒಂದೇ ಕಾಲಿನ ಮೇಲೆ ನಿಂತು ಚಾದರದ ಒಂದು ತುದಿ ಹಿಡಿದೆ. ಇನ್ನೊಂದು ತುದಿ ಎಳೆಯುತ್ತ ಅವಳು ನಗತೊಡಗಿದಳು. ನನಗೆ ನಗು ಬರಲಿಲ್ಲ. ಕಣ್ಣು ಪರದೆಯ ಕಡೆಗೇ ಹೋಗುತ್ತಿತ್ತು.